ಕೈಯಾರೆ ಹೊಲಿದ ಆಯೇರಿ

(ಸಂಘದ ಬೆಳ್ಳಿಹಬ್ಬದ ನಿಮಿತ್ತ ಏರ್ಪಡಿಸಿದ್ದ ಮಹಿಳಾ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕಿಯೊಬ್ಬರು ಆಡಿದ ಮಾತುಗಳು)





ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಮಗೂ ನಾಲ್ಕು ಮಾತು ಆಡಲು ಅವಕಾಶ ಕೊಟ್ಟಿದ್ದಾರೆ. ಬೀಜ, ಗೊಬ್ಬರ, ಬೆಳೆಸಾಲ, ಬಡ್ಡಿ, ವಸೂಲಿ ಇವುಗಳ ಬಗ್ಗೆ ಬಲ್ಲವರು ಮುಂಜಾನೆಯಿಂದ ಮಾತಾಡಿದ್ದಾರೆ. ನಾವು ಆರಿಸಿಕೊಂಡದ್ದು ಸೂಜಿ-ದಾರದ ವಿಷಯ. ಹಬ್ಬಕ್ಕೆ, ಮದುವೆಗೆ, ಕುಬಸಕ್ಕೆ, ತೊಟ್ಟಿಲಿಗೆ ನಾವು ನೆಂಟರಿಗೂ ಗೆಳತಿಯರಿಗೂ ಕೊಡುವ ಆಯೇರಿಯನ್ನು ಅಂಗಡಿಯಿಂದ ತರುವ ಬದಲು ಕೈಯಾರೆ ಹೊಲಿದು ಕೊಡುವ ವಿಷಯ. "ಸಂಘದ ಬೆಳ್ಳಿಹಬ್ಬದಾಗ ಸೂಜಿ-ದಾರದ ಮಾತು ಯಾಕ್ರಿ?" ಅಂತ ಕೆಲವರು ನಕ್ಕಾರು. ನಗಲಿ. ಹಬ್ಬ ಹತ್ತಿರ ಬಂದಂತೆ ಸಂಘದ ಬಾಗಿಲಿಗೆ ಬರುವ ಅಕ್ಕಂದಿರ ಮುಖ ನೋಡುವವರು ನಾವು. "ಮಗಳ ಮನಿಗೆ ಹೋಗಬೇಕ್ರಿ, ಬರಿಗೈಲೆ ಹೆಂಗ ಹೋಗೂದು?" ಅನ್ನುವ ಮಾತು ಕೇಳುವವರೂ ನಾವೇ. ಆದ್ದರಿಂದ ಈ ಮಾತಿಗೂ ಸಂಘಕ್ಕೂ ಸಂಬಂಧ ಐತಿ, ಕೇಳಿರಿ.

ನಮ್ಮ ಕಡೆ ವರ್ಷವಿಡೀ ಕೊಡುವುದು-ತರುವುದು ನಡೆದೇ ಇರುತ್ತದೆ. ಶ್ರಾವಣದ ನಾಗರಪಂಚಮಿಗೆ ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಅವರು ತಿರುಗಿ ಹೋಗುವಾಗ ಉಡಿ ತುಂಬಿ, ಸೀರೆ-ಕುಬಸ ಕೊಟ್ಟು ಕಳಿಸಬೇಕು. ದೀಪಾವಳಿಗೆ ಅಳಿಯ ಬರುತ್ತಾನೆ. ಸಂಕ್ರಮಣಕ್ಕೆ ಕುಸರೆಳ್ಳು ಕೊಟ್ಟು ಒಳ್ಳೆ ಮಾತಾಡಬೇಕು. ಇದರ ನಡುವೆ ಮದುವೆ, ಕುಬಸ, ತೊಟ್ಟಿಲು, ಗೃಹಪ್ರವೇಶ. ಇದೆಲ್ಲ ಒಳ್ಳೆಯದೇ. ಕೊಟ್ಟು-ತಗೊಂಡರೆ ಸಂಬಂಧ ಉಳಿಯುತ್ತದೆ. ಅವರು ನಮಗೆ ಮಾಡಿದ್ದಕ್ಕೆ ನಾವು ಅವರಿಗೆ ಮಾಡುವುದು, ಅಂದರೆ ಮುಯ್ಯಿಗೆ ಮುಯ್ಯಿ, ಇದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿ.

ಆದರೆ ಈಗ ಏನಾಗಿದೆ ನೋಡ್ರಿ. ಪ್ರತಿ ಮನೆಯ ಟ್ರಂಕಿನಾಗ, ತಿಜೋರಿಯಾಗ ಒಂದು ಗಂಟು ಜಂಪರ್ ಪೀಸ್ ಇರತಾವ. ಯಾರದೋ ಮದುವೆಯಲ್ಲಿ ಬಂದದ್ದು. ಬಣ್ಣ ನಮ್ಮ ಯಾವ ಸೀರೆಗೂ ಹೊಂದುವುದಿಲ್ಲ, ಹೊಲಿಸಿದರೆ ಒಂದು ಒಗೆತಕ್ಕೆ ಬಣ್ಣ ಬಿಡುತ್ತದೆ. ಅದಕ್ಕೆ ಯಾರೂ ಹೊಲಿಸುವುದಿಲ್ಲ. ಮಡಿಚಿಟ್ಟು ಮುಂದಿನ ಮದುವೆಗೆ ಇನ್ನೊಬ್ಬರಿಗೆ ಕೊಡುತ್ತೇವೆ. ಅವರು ಮತ್ತೊಬ್ಬರಿಗೆ ಕೊಡುತ್ತಾರೆ. ಒಂದೇ ಜಂಪರ್ ಪೀಸ್ ಮೂರು ಊರು ಸುತ್ತಿ, ಮಡಿಕೆ ಹಾಕಿದಲ್ಲಿ ಗೆರೆ ಬಿದ್ದು, ಕೊನೆಗೆ ಕೊಟ್ಟವರ ಮನೆಗೇ ಬಂದು ಕೂತ ಮಾತು ಕೇಳಿ ನಾವೆಲ್ಲ ನಕ್ಕಿದ್ದೇವೆ. ಆದರೆ ಅದು ನಗುವ ಮಾತಲ್ಲ. ಅದನ್ನು ಮೊದಲು ಕೊಳ್ಳಲು ಯಾರೋ ರೊಕ್ಕ ಕೊಟ್ಟಿದ್ದಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಮದುವೆಗೆ 40 ಜನರಿಗೆ ಸೀರೆ ಕೊಡಬೇಕು ಅಂತ ಇಟ್ಟುಕೊಳ್ಳಿ. ಅತಿ ಅಗ್ಗದ್ದು, 300 ರೂಪಾಯಿಯದೇ ತಂದರೂ 12,000 ರೂಪಾಯಿ ಆಯಿತು. ಉಟ್ಟುಕೊಂಡವರು ಎಷ್ಟು ಮಂದಿ? "ಕೊಟ್ಟಾರಲ್ಲ, ಸಾಕು ಬಿಡು" ಅಂತ ಒಳಗಿಟ್ಟವರು ಎಷ್ಟು ಮಂದಿ? ಕೊಟ್ಟವರಿಗೆ ಸಾಲ, ತಗೊಂಡವರಿಗೆ ಬೇಡವಾದ ಬಟ್ಟೆ. ಸಾಲ ಮಾಡಿ ತುಪ್ಪ ತಿಂದರೆ ನಾಲಿಗೆಗಾದರೂ ರುಚಿ ಹತ್ತುತ್ತದೆ. ಇಲ್ಲಿ ಆ ರುಚಿಯೂ ಇಲ್ಲ.

ಹಿಂದಿನವರು ಹೀಗೆ ಮಾಡುತ್ತಿರಲಿಲ್ಲ. ಅವರ ಕೈಯಲ್ಲಿ ರೊಕ್ಕ ಕಡಿಮೆ ಇತ್ತು, ಆದರೆ ಕೈಯಲ್ಲಿ ಕಸಬು ಇತ್ತು. ಮಗಳು ಬಸುರಿ ಅಂತ ಸುದ್ದಿ ಬಂದ ದಿನದಿಂದ ತವರುಮನೆಯಲ್ಲಿ ಸೂಜಿ ಓಡಲು ಸುರು. ಕೂಸಿನ ತಲೆಗೆ ಕುಲಾವಿ, ತಲೆ-ಬೆನ್ನು ಕೂಡಿಯೇ ಮುಚ್ಚುವ ಕುಂಚಿಗೆ, ಹೊದಿಸಲು ಮೆತ್ತನೆಯ ದುಪಟಿ, ತೊಟ್ಟಿಲಿಗೆ ಹಾಸಲು ಸಣ್ಣ ಕೌದಿ. ಅಜ್ಜನಿಗೆ ಎಲೆ, ಅಡಿಕೆ, ಸುಣ್ಣ, ತಂಬಾಕಿಗೆ ಬೇರೆ ಬೇರೆ ಗೂಡು ಇರುವ ಸಂಚಿ. ಬಾಗಿಲಿಗೆ ತೋರಣ. ಕಾರಹುಣ್ಣಿಮೆ ಬಂದರೆ ಎತ್ತುಗಳಿಗೂ ಝೂಲ, ಹಣೆಗೆ ಗೊಂಡೆ. ಮನುಷ್ಯರಿಗೆ ಅಷ್ಟೇ ಅಲ್ಲ, ದುಡಿಯುವ ಎತ್ತಿಗೂ ಹಬ್ಬದ ಉಡುಗೊರೆ ಹೊಲಿದವರು ನಮ್ಮ ಹಿರಿಯರು.

ಇನ್ನು ಕಸೂತಿಯ ಮಾತು. ಕೈ ಮತ್ತು ಸೂತಿ, ಅಂದರೆ ನೂಲು, ಎರಡೂ ಕೂಡಿ ಕಸೂತಿ ಆಯಿತು ಅಂತ ಬಲ್ಲವರು ಹೇಳುತ್ತಾರೆ. ನಮ್ಮ ಧಾರವಾಡ ಸೀಮೆಯ ಹೆಸರು ದೂರದವರೆಗೆ ಹೋದದ್ದು ಪೇಢೆಯಿಂದ ಅಷ್ಟೇ ಅಲ್ಲ, ಕಸೂತಿಯಿಂದಲೂ ಹೌದು. ಇಳಕಲ್ಲ ಸೀರೆಯ ಸೆರಗಿನ ಮೇಲೆ, ಗುಳೇದಗುಡ್ಡದ ಖಣದ ಕುಬಸದ ತೋಳಿನ ಮೇಲೆ, ಕೂಸಿನ ಕುಂಚಿಗೆಯ ಮೇಲೆ ಅದನ್ನು ಹಾಕುತ್ತಿದ್ದರು. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಬಿಳಿ, ಕೆಂಪು, ಹಳದಿ ದಾರದ ಕಸೂತಿ ಹಾಕಿ ಮದುವೆಯಾಗುವ ಮಗಳಿಗೆ ಕೊಡುವುದು ದೊಡ್ಡ ಉಡುಗೊರೆ ಅನಿಸಿಕೊಂಡಿತ್ತು.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಒಂದು ಗವಂತಿ: ಸೂಜಿ ಮುಂದೆ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತ ಬರುವುದು. ಎರಡು ಮುರ್ಗಿ: ಅದೇ ಹೊಲಿಗೆ, ಆದರೆ ಮೆಟ್ಟಿಲು ಏರಿದಂತೆ ಅಂಕುಡೊಂಕಾಗಿ ಸಾಗುತ್ತದೆ. ಮೂರು ನೇಗಿ: ಹೆಸರೇ ಹೇಳುವಂತೆ ನೇಯ್ದ ಹಾಗೆ ಕಾಣುವ ಉದ್ದ-ಗಿಡ್ಡ ಹೊಲಿಗೆ. ನಾಲ್ಕು ಮೆಂತಿ: ಮೆಂತೆ ಕಾಳು ಚೆಲ್ಲಿದಂತೆ ಕಾಣುವ ಕತ್ತರಿ ಹೊಲಿಗೆ. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಮುಖ ಯಾವುದು ಬೆನ್ನು ಯಾವುದು ಗುರುತು ಸಿಗುವುದಿಲ್ಲ. ಎರಡೂ ಕಡೆ ಒಂದೇ ಚಿತ್ರ. ಅದಕ್ಕೇ ದಾರಕ್ಕೆ ಗಂಟು ಹಾಕುವಂತಿಲ್ಲ. ಹಾಕಿದರೆ ಹಿಂದಿನ ಕಡೆ ಕೆಡುತ್ತದೆ.

ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲು ಮೂಡಿಸುತ್ತಾರೆ. ಎಷ್ಟು ಎಳೆ ಬಿಡಬೇಕು, ಎಲ್ಲಿ ತಿರುವಬೇಕು ಅನ್ನುವ ಲೆಕ್ಕ ಹೊಲಿಯುವವರ ತಲೆಯೊಳಗೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯರು ಇಂಥ ಲೆಕ್ಕ ಮಾಡಿದವರು. ನಾವು ಎಸ್.ಎಸ್.ಎಲ್.ಸಿ. ಓದಿದವರು ಎಳೆ ಎಣಿಸಲು ಕೂತರೆ ಹತ್ತು ಸಲ ತಪ್ಪುತ್ತೇವೆ.

ಕೌದಿಯದು ಇನ್ನೊಂದು ಬಗೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಸಾಲು ಹೊಲಿಗೆ ಹಾಕಿ ಒಂದು ಮಾಡುವುದು. ಅದರಲ್ಲಿ ಅವ್ವನ ಸೀರೆ ಇರುತ್ತದೆ, ಅಜ್ಜನ ರುಮಾಲು ಇರುತ್ತದೆ, ಮಕ್ಕಳ ಲಂಗ ಇರುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಕವಂದಿ ಅನ್ನುವ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಸುರುಮಾಡಿ ಸುತ್ತಿ ಸುತ್ತಿ ನಡುವಿನವರೆಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಚಿ ಮಾಡಿದ ಹೂವು ಇಟ್ಟ ಮೇಲೆಯೇ ಅದು ಪೂರ್ತಿ ಆದಂತೆ. ಇನ್ನು ಲಂಬಾಣಿ ತಾಂಡಾದ ಅಕ್ಕ-ತಂಗಿಯರ ಕಸೂತಿ ನೀವು ಕಂಡೇ ಇದ್ದೀರಿ. ಕನ್ನಡಿ, ಕವಡೆ, ನಾಣ್ಯ ಕೂಡಿಸಿ ಅವರು ಹೊಲಿಯುವ ಬಟ್ಟೆಗೆ ಈಗ ದೇಶ-ವಿದೇಶದಲ್ಲಿ ಬೆಲೆ. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಭೆ ಆದಾಗ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಒಂದೇ ಕಡೆ ಪ್ರದರ್ಶನಕ್ಕೆ ಇಟ್ಟು ಗಿನ್ನೆಸ್ ದಾಖಲೆ ಆಯಿತು. ನಮ್ಮ ಕಸೂತಿಗೂ, ಸಂಡೂರಿನ ಲಂಬಾಣಿ ಕಸೂತಿಗೂ, ಇಳಕಲ್ಲ ಸೀರೆಗೂ ಸರಕಾರದ ಜಿ.ಐ. ಮಾನ್ಯತೆ ಇದೆ. ಅಂದರೆ ಇದು ಈ ನೆಲದ್ದೇ ಕಸಬು ಅಂತ ಕಾಯಿದೆ ಪ್ರಕಾರ ಒಪ್ಪಿದ್ದಾರೆ. ಹೊರಗಿನವರು ಒಪ್ಪಿದ್ದನ್ನು ಮನೆಯವರು ಕೀಳಾಗಿ ನೋಡಬಾರದು.

ಆದರೆ ಮನೆಯವರೇ ಕೀಳಾಗಿ ನೋಡುತ್ತಾರೆ. ಇದನ್ನು ಮುಚ್ಚಿಡುವುದು ಬೇಡ. ನಮ್ಮ ಬಳಗದ ಒಬ್ಬ ಹುಡುಗಿ ಮೊದಲ ಪಂಚಮಿ ಮುಗಿಸಿ ಗಂಡನ ಮನೆಗೆ ಹೋಗುವಾಗ ಅವಳ ಅವ್ವ ಎರಡು ತಿಂಗಳು ಕೂತು ಹೊಲಿದ ಕೌದಿ ಕೊಟ್ಟು ಕಳಿಸಿದ್ದರು. ಅಲ್ಲಿ ಹಿರಿಯರೊಬ್ಬರು ಅದನ್ನು ಬಿಚ್ಚಿ ನೋಡಿ, "ನಿಮ್ಮ ತವರಾಗ ಹಳೆ ಅರಿವಿ ಬಿಟ್ಟರ ಬ್ಯಾರೆ ಏನೂ ಇದ್ದಿಲ್ಲೇನು?" ಅಂದರಂತೆ. ಆ ಹುಡುಗಿ ಅದನ್ನು ಅಟ್ಟಕ್ಕೆ ಹಾಕಿದಳು. ಮರುವರ್ಷ ಅವಳ ಅವ್ವ ಕೌದಿ ಹೊಲಿಯಲಿಲ್ಲ. ಕೈಗಡ ತಗೊಂಡು ಪೇಟೆಯಿಂದ ಸೀರೆ ತಂದರು. ಈಗ ಹೇಳಿರಿ, ಆ ತಾಯಿಗೆ ಹೊಲಿಯಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಪ್ರೀತಿ ಇರಲಿಲ್ಲವೇ? ಇತ್ತು. ಒಬ್ಬರೇ ಇದ್ದರು, ಅದೇ ಕೊರತೆ.

ಒಬ್ಬರೇ ಕೈಹೊಲಿಗೆಯ ಆಯೇರಿ ಕೊಟ್ಟರೆ ಜಿಪುಣರು ಅನಿಸಿಕೊಳ್ಳುತ್ತಾರೆ. ಹತ್ತು ಮನೆಯವರು ಕೂಡಿ ಕೊಟ್ಟರೆ ಅದು ಪದ್ಧತಿ ಅನಿಸಿಕೊಳ್ಳುತ್ತದೆ. ಊರಿಗೆ ಊರೇ ಕೊಟ್ಟರೆ ಅದು ಆ ಊರಿನ ಹೆಸರಾಗುತ್ತದೆ. ಇಲ್ಲಿಯೇ ಸೂಜಿ-ದಾರಕ್ಕೂ ಸಹಕಾರಕ್ಕೂ ಗಂಟು ಬೀಳುವುದು.

ನಮ್ಮ ಗದಗ ಹತ್ತಿರದ ಕಣಗಿನಹಾಳ ನಿಮಗೆಲ್ಲ ಗೊತ್ತು. 1904ರಲ್ಲಿ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಊರಿನಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಮೆಟ್ಟಿಲುಗಳಲ್ಲಿ ಅದೂ ಒಂದು. ಆಗ ಒಬ್ಬೊಬ್ಬ ರೈತ ಒಂಟಿಯಾಗಿ ಸಾಹುಕಾರನ ಮುಂದೆ ನಿಂತರೆ ಅವನು ಹೇಳಿದ್ದೇ ಬಡ್ಡಿ. ಹತ್ತು ಜನ ರೈತರು ಕೂಡಿ ತಮ್ಮದೇ ಗಂಟು ಕಟ್ಟಿಕೊಂಡಾಗ ಆ ಭಯ ಕಡಿಮೆ ಆಯಿತು. 2025ನೆಯ ವರ್ಷವನ್ನು ವಿಶ್ವಸಂಸ್ಥೆಯವರು ಅಂತರರಾಷ್ಟ್ರೀಯ ಸಹಕಾರ ವರ್ಷ ಅಂತ ಆಚರಿಸಿದರು. ಸಾಲದ ಬಡ್ಡಿಗೆ ಕೂಡಿ ನಿಂತ ಜನ "ನಾಲ್ಕು ಮಂದಿ ಏನಂದಾರು" ಅನ್ನುವ ಭಯಕ್ಕೂ ಕೂಡಿ ನಿಲ್ಲಬಹುದು. ಆ ನಾಲ್ಕು ಮಂದಿ ಬೇರೆ ಯಾರೂ ಅಲ್ಲ, ಇಲ್ಲಿ ಕೂತಿರುವ ನಾವೇ. ನಾವೇ ಅನ್ನುವುದನ್ನು ಬಿಟ್ಟರೆ ಅನ್ನುವವರು ಯಾರು ಉಳಿಯುತ್ತಾರೆ?

ಈಗ ಕೆಲಸದ ಮಾತಿಗೆ ಬರೋಣ. ಯಾರಿಗೆ ಏನು ಹೊಲಿಯಬೇಕು, ಹೇಗೆ ಹೊಲಿಯಬೇಕು? ಬಲ್ಲ ಹಿರಿಯರಿಂದ ಕೇಳಿದ್ದನ್ನು, ನಾವು ಕೈಯಾಡಿಸಿ ಕಂಡದ್ದನ್ನು ಹೇಳುತ್ತೇವೆ.

ಮೊದಲು ಕೂಸಿಗೆ. ಹೊಸ ಬಟ್ಟೆಗಿಂತ ನಾಲ್ಕಾರು ವರ್ಷ ಒಗೆದು ಮೆತ್ತಗಾದ ಹತ್ತಿ ಸೀರೆ ಅಥವಾ ಧೋತರವೇ ಕೂಸಿನ ಮೈಗೆ ಒಳ್ಳೆಯದು. ಅದನ್ನು ಬಿಸಿನೀರಿನಲ್ಲಿ ಒಗೆದು ಒಳ್ಳೆ ಬಿಸಿಲಿಗೆ ಒಣಗಿಸಬೇಕು. ಮೂರು ಅಡಿ ಉದ್ದ, ಮೂರು ಅಡಿ ಅಗಲದ ಮೂರು ಪದರದ ಕೌದಿ ತೊಟ್ಟಿಲಿಗೆ ಸಾಕು. ಕುಲಾವಿ ಹೊಲಿದರೆ ಒಳಗಡೆ ಇನ್ನೊಂದು ಮೆತ್ತನೆಯ ಪದರ ಕೊಡಬೇಕು, ಹೊಲಿಗೆಯ ಒರಟು ಕೂಸಿನ ತಲೆಗೆ ತಾಗಬಾರದು. ಕೂಸಿನ ಬಟ್ಟೆಗೆ ಕನ್ನಡಿ, ಮಣಿ, ಗುಂಡಿ ಬೇಡವೇ ಬೇಡ. ಕಿತ್ತು ಬಾಯಿಗೆ ಹಾಕಿಕೊಂಡರೆ ಜೀವಕ್ಕೆ ಕುತ್ತು. ಕಟ್ಟುವ ಲಾಡಿಯೂ ಗಿಡ್ಡವಿರಲಿ, ಕುತ್ತಿಗೆಗೆ ಸುತ್ತಬಾರದು. ನೈಲಾನ್, ಪಾಲಿಯೆಸ್ಟರ್ ಸೀರೆಯ ತುಂಡನ್ನು ಬಾಣಂತಿ ಕೋಣೆಗೆ ಒಯ್ಯಬೇಡಿರಿ. ಅದು ಬೆವರು ಹೀರುವುದಿಲ್ಲ. ಹತ್ತಿರ ಬೆಂಕಿಯ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ.

ಇನ್ನು ಮಗಳಿಗೆ, ಅಕ್ಕ-ತಂಗಿಗೆ. ಇಡೀ ಸೀರೆಗೆ ಕಸೂತಿ ಹಾಕಲು ಹೋಗಿ ಅರ್ಧಕ್ಕೆ ಬಿಡುವುದಕ್ಕಿಂತ ಖಣದ ಕುಬಸದ ಎರಡು ತೋಳಿಗೆ ಒಂದೊಂದು ಸಾಲು ತೇರು ಅಥವಾ ಗೋಪುರ ಹಾಕಿ ಕೊಟ್ಟರೂ ಸಾಕು, ಕಣ್ಣು ತುಂಬುತ್ತದೆ. ಹೊಸದಾಗಿ ಕಲಿಯುವವರು ಮೊದಲು ಮ್ಯಾಟಿ ಬಟ್ಟೆಯ ಮೇಲೆ ಹಾಕಿ ಕಲಿಯಬೇಕು. ಅದರ ಎಳೆ ದಪ್ಪ, ಎಣಿಸಲು ಸುಲಭ. ಅಂಗಡಿಯಲ್ಲಿ ಸಿಗುವ ಕಸೂತಿ ದಾರದಲ್ಲಿ ಆರು ಎಳೆ ಇರುತ್ತದೆ. ಬಿಡಿಸಿ ಎರಡೇ ಎಳೆ ತಗೊಂಡರೆ ಹೊಲಿಗೆ ಸಣ್ಣಗೆ, ಚೊಕ್ಕಟ ಬರುತ್ತದೆ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಕೆಂಪು ದಾರ, ಕೆಂಪು ಬಟ್ಟೆ ಇದ್ದರೆ ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಬೇಕು. ಬಣ್ಣ ಹತ್ತಿದರೆ ಅದನ್ನು ಬೇರೆ ಒಗೆದು ಬಣ್ಣ ನಿಂತ ಮೇಲೆಯೇ ಬಳಸಬೇಕು. ತಿಂಗಳುಗಟ್ಟಲೆ ದುಡಿದದ್ದು ಒಂದು ಒಗೆತಕ್ಕೆ ಕೆಡಬಾರದು.

ವಯಸ್ಸಾದವರಿಗೆ ಭಾರದ ಕೌದಿ ಬೇಡ. ಅವರು ಅದನ್ನು ಎತ್ತಿ ಹೊದ್ದುಕೊಳ್ಳಲು ಒದ್ದಾಡುತ್ತಾರೆ. ಎರಡೇ ಪದರದ್ದು, ಒಗೆಯಲು ಹಗುರ ಇರುವುದು ಕೊಡಿರಿ. ಹೊರಗೆ ಹೋಗಿ ದುಡಿಯುವ ಮಗನಿಗೆ ಒಂದು ಕೌದಿ ಕೊಟ್ಟರೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲೂ ಮನೆಯ ವಾಸನೆ ಇರುತ್ತದೆ. ಗೆಳತಿಯರಿಗೆ, ಓಣಿಯವರಿಗೆ ಗಟ್ಟಿ ಬಟ್ಟೆಯ ಕೈಚೀಲ ಹೊಲಿದು ಮೂಲೆಗೆ ಒಂದು ನವಿಲು ಹಾಕಿರಿ. ಸಂತೆಗೆ ಹೋಗುವಾಗ ದಿನಾ ಕೈಯಲ್ಲಿರುತ್ತದೆ. ಯಾರೂ ಉಡದ ಜಂಪರ್ ಪೀಸ್‌ಗಳು ಟ್ರಂಕಿನಾಗ ಕೂತಾವಲ್ಲ, ಅವನ್ನೇ ಚೀಲದ ಒಳಪದರಕ್ಕೆ ಹಾಕಿರಿ. ಊರು ಸುತ್ತಿ ದಣಿದ ಅವಕ್ಕೂ ಒಂದು ನೆಲೆ ಸಿಗಲಿ.

ಚೀಲಕ್ಕೆ, ಅಂಚಿಗೆ ಮಷಿನ್ ಹೊಲಿಗೆ ಹಾಕಬಾರದು ಅಂತ ನಾವು ಹೇಳುವುದಿಲ್ಲ. ಮಷಿನ್ ಇದ್ದವರು ಮಷಿನ್‌ನಲ್ಲಿ ಹೊಲಿಯಲಿ. ತಗೊಳ್ಳುವವರು ಯಾರು, ಅವರಿಗೆ ಏನು ಬೇಕು ಅಂತ ವಿಚಾರ ಮಾಡಿ ಹೊಲಿದದ್ದು ಕೈಯಾರೆ ಹೊಲಿದದ್ದೇ.

"ಟೈಮ್ ಎಲ್ಲಿ ಐತ್ರಿ?" ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಬಿತ್ತುವಾಗ, ಕಳೆ ತೆಗೆಯುವಾಗ, ಸುಗ್ಗಿಯಲ್ಲಿ ನಮಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತು ಇಲ್ಲ. ಆದರೆ ಬಿಳಿಜೋಳ, ಕಡಲೆ ಮನೆಗೆ ಬಂದ ಮೇಲೆ ಮುಂಗಾರು ಬೀಳುವವರೆಗೆ, ಯುಗಾದಿಯ ಹಿಂದೆ-ಮುಂದೆ, ಮಧ್ಯಾಹ್ನದ ಹೊತ್ತು ಸಿಗುತ್ತದೆ. ಬಿಸಿಲಿಗೆ ಹೊಲಕ್ಕೆ ಹೋಗಲಾಗುವುದಿಲ್ಲ. ಹಿರಿಯರು ಕೌದಿ ಹೊಲಿಯುತ್ತಿದ್ದದ್ದು ಬೇಸಿಗೆಯಲ್ಲೇ. ಅದು ಕೆಲಸವೂ ಹೌದು, ಕಟ್ಟೆಯ ಮೇಲೆ ಕೂಡಿ ಕೂತು ಸುಖ-ದುಃಖ ಮಾತಾಡುವ ಹೊತ್ತೂ ಹೌದು. ಬೇಸಿಗೆಯಲ್ಲಿ ಹೊಲಿದರೆ ಶ್ರಾವಣದ ಪಂಚಮಿಗೆ ಸಿದ್ಧ. ಹಬ್ಬಕ್ಕೆ ಎಂಟು ದಿನ ಇರುವಾಗ ಸೂಜಿ ಹಿಡಿದರೆ ಆಗುವ ಕೆಲಸ ಅಲ್ಲ ಇದು. ಬೀಜ ಬಿತ್ತಿದಂತೆ, ಹದ ನೋಡಿ ಮೊದಲೇ ಮಾಡಬೇಕು. ವರ್ಷಕ್ಕೆ ಎಲ್ಲರಿಗೂ ಹೊಲಿಯಲು ಆಗುವುದಿಲ್ಲ. ಒಬ್ಬರಿಗೆ ಹೊಲಿಯಿರಿ, ಸಾಕು. ಉಳಿದವರ ಪಾಳಿ ಮುಂದಿನ ವರ್ಷ.

ಗಂಡಸರಿಗೂ ಒಂದು ಮಾತು. ಹೆಂಗಸರಿಗೆ ಇನ್ನೊಂದು ಕೆಲಸ ಹೇರಲು ನಾವು ಈ ಮಾತು ಎತ್ತಿಲ್ಲ. ಮನೆಯವರು ಸೂಜಿ ಹಿಡಿದು ಕೂತಾಗ ನೀರು ತರುವುದು, ದನಕ್ಕೆ ಮೇವು ಹಾಕುವುದು, ಕೂಸಿನ ಕಡೆ ನೋಡುವುದು ನಿಮಗೆ ಬಿಟ್ಟದ್ದು. ಎತ್ತಿನ ಝೂಲ, ಗೊಂಡೆ, ಹಗ್ಗ ಹೆಣೆಯುತ್ತಿದ್ದವರು ಗಂಡಸರೂ ಹೌದು. ಪೇಟೆಯಲ್ಲಿ ದರ್ಜಿಯಾಗಿ ಹೊಲಿಯುವವರೂ ಗಂಡಸರೇ. ಹಂಗಾದರ ಮನಿಯಾಗ ಸೂಜಿ ಹಿಡಿಯಲು ಯಾಕ ನಾಚಿಕಿ?

ಇನ್ನೊಂದು ಸೂಕ್ಷ್ಮ ಮಾತು ಹೇಳಲೇಬೇಕು. ಎಲ್ಲರಿಗೂ ಹೊಲಿಯಲು ಬರುವುದಿಲ್ಲ. ಬಾರದವರು ಬಲ್ಲವರಿಂದ ಹೊಲಿಸುತ್ತಾರೆ. ಅದು ತಪ್ಪಲ್ಲ. ಆದರೆ "ನೀವು ನಮ್ಮವರೇ ಅಲ್ರಿ, ಒಂದು ಕೌದಿ ಹಾಕಿ ಕೊಡ್ರಿ" ಅಂತ ಪುಕ್ಕಟೆ ಹೊಲಿಸಬೇಡಿ. ದೊಡ್ಡ ಕೌದಿಗೆ ಎಷ್ಟೋ ಮಧ್ಯಾಹ್ನ ಹಿಡಿಯುತ್ತದೆ. ಬೆನ್ನು ನೋಯುತ್ತದೆ, ಕಣ್ಣು ನೋಯುತ್ತದೆ. ಕಳೆ ತೆಗೆಯಲು ಬಂದವರಿಗೆ ಕೂಲಿ ಕೊಡುತ್ತೇವೆ. ಸೂಜಿ ಹಿಡಿದವರ ದಿನಕ್ಕೆ ಬೆಲೆ ಇಲ್ಲವೇ? ಕೌದಿ ಹೊಲಿದೇ ಹೊಟ್ಟೆ ಹೊರೆಯುವವರು ನಮ್ಮ ಸೀಮೆಯಲ್ಲಿ ಇದ್ದಾರೆ. ಅವರ ಜೊತೆ ಚೌಕಾಶಿ ಮಾಡಿ ಉಳಿಸಿದ ರೊಕ್ಕದಲ್ಲಿ ಕೊಟ್ಟ ಉಡುಗೊರೆ ಉಡುಗೊರೆ ಅಲ್ಲ. ಕೊಡುವಾಗಲೂ "ಇದನ್ನು ಹೊಲಿದವರು ನಮ್ಮ ಓಣಿಯ ಇಂಥವರು" ಅಂತ ಹೆಸರು ಹೇಳಿ ಕೊಡಿರಿ.

ಈಗ ಮುಖ್ಯ ಮಾತು. ಇದಕ್ಕಾಗಿಯೇ ನಾವು ಇಷ್ಟು ಹೊತ್ತು ನಿಮ್ಮನ್ನು ಕೂಡಿಸಿದ್ದು.

ಊರಿನ ಓಣಿಯಲ್ಲಿ ಹಳೆ ಸೀರೆ ಕೊಟ್ಟರೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬುಟ್ಟಿ ಕೊಡುವವರು ಬರುತ್ತಾರೆ. ಅವರದೂ ಹೊಟ್ಟೆಪಾಡು, ಅವರನ್ನು ಬೈಯುವುದಿಲ್ಲ. ಆದರೆ ಆ ಗಂಟಿನೊಳಗೆ ಏನು ಹೋಗುತ್ತಿದೆ ಅಂತ ನಾವು ನೋಡಬೇಕು. ನಮ್ಮ ಓಣಿಯ ಒಂದು ಮನೆಯಲ್ಲಿ ಅಜ್ಜಿ ತೀರಿಕೊಂಡ ಮೇಲೆ ಟ್ರಂಕು ಬರಿದು ಮಾಡುವಾಗ ಕಸೂತಿಯ ಒಂದು ಚಂದ್ರಕಾಳಿ ಸೀರೆಯೂ ಹಳೆ ಬಟ್ಟೆಯ ಜೊತೆ ಹೋಯಿತು. ಅಂಚು ಹರಿದಿತ್ತು, ಯಾರೂ ಉಡುತ್ತಿರಲಿಲ್ಲ. ಬದಲಿಗೆ ಒಂದು ಬಕೀಟು ಬಂತು. ಆ ಬಕೀಟು ಮರುಬೇಸಿಗೆಗೆ ಸೀಳಿತು. ಸೆರಗಿನ ಮೇಲಿದ್ದ ತೇರಿಗೆ ಎಷ್ಟು ಎಳೆ, ಎಷ್ಟು ಮೆಟ್ಟಿಲು ಅಂತ ಹೇಳುವವರು ಆ ಮನೆಯಲ್ಲಿ ಈಗ ಯಾರೂ ಇಲ್ಲ.

ಆಗಲೇ ಹೇಳಿದಂತೆ ಕಸೂತಿಯ ಚಿತ್ರ ಬಟ್ಟೆಯ ಮೇಲೆ ಬರೆದುಕೊಂಡು ಹಾಕುವುದಲ್ಲ. ಅದು ಬಲ್ಲವರ ತಲೆಯಲ್ಲಿರುತ್ತದೆ, ಇಲ್ಲದಿದ್ದರೆ ಹಳೆಯ ಬಟ್ಟೆಯ ಮೇಲಿರುತ್ತದೆ. ಎರಡೂ ಹೋದರೆ ಮುಗಿಯಿತು. ಬಟ್ಟೆ ಉಳಿದರೆ ಎಳೆ ಎಣಿಸಿ ಮತ್ತೆ ಕಲಿಯಬಹುದು. ಬಲ್ಲವರು ಉಳಿದಿದ್ದರೆ ಅವರ ಪಕ್ಕದಲ್ಲಿ ಕೂತು ಕಲಿಯಬಹುದು. ನಮ್ಮ ಊರಿನಲ್ಲಿ ನಾಲ್ಕೂ ಹೊಲಿಗೆ ಬಲ್ಲ ಹಿರಿಯರನ್ನು ಎಣಿಸಲು ಒಂದು ಕೈಯ ಬೆರಳು ಸಾಕು. ಅವರಲ್ಲಿ ಒಬ್ಬರಿಗೆ ಕಣ್ಣಿಗೆ ಪೊರೆ ಬಂದಿದೆ. ಕೈ ನಡುಗುತ್ತದೆ, ಆದರೆ ಲೆಕ್ಕ ತಪ್ಪುವುದಿಲ್ಲ. "ನೀ ಸೂಜಿ ಹಿಡಿ, ನಾ ಎಣಿಕಿ ಹೇಳತೇನಿ" ಅನ್ನುತ್ತಾರೆ. ಹಾಗೆ ಹೇಳುವವರು ಇರುವಾಗಲೇ ನಾವು ಸೂಜಿ ಹಿಡಿಯಬೇಕು.

ಆದ್ದರಿಂದ ಸಭೆಯ ಮುಂದೆ ಮೂರು ವಿಚಾರ ಇಡುತ್ತೇವೆ.

ಒಂದು: ಈ ವರ್ಷದ ಪಂಚಮಿಗೆ, ಒಪ್ಪಿದ ಮನೆಯವರೆಲ್ಲ ಕನಿಷ್ಠ ಒಂದು ಆಯೇರಿಯನ್ನಾದರೂ ಕೈಹೊಲಿಗೆಯದೇ ಕೊಡಬೇಕು. ಯಾರ ಮನೆಗೆ ಅಂಥದ್ದು ಬಂದರೂ ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. ಇದಕ್ಕೆ ದಂಡ ಇಲ್ಲ, ಒತ್ತಾಯ ಇಲ್ಲ. ಮಾತು ಕೊಟ್ಟವರು ಮಾತು ಉಳಿಸಿಕೊಳ್ಳಬೇಕು, ಅಷ್ಟೇ.

ಎರಡು: ಎರಡು ಗಜ ಬಿಳಿ ಮ್ಯಾಟಿ ಬಟ್ಟೆ ತಂದು, ಊರಿನ ಹಿರಿಯರಿಗೆ ಗೊತ್ತಿರುವ ಒಂದೊಂದು ಕಸೂತಿ ಚಿತ್ರವನ್ನೂ ಅದರ ಮೇಲೆ ಒಂದೊಂದು ಸಲ ಹಾಕಿಸಬೇಕು. ಪಕ್ಕದಲ್ಲಿ ಚಿತ್ರದ ಹೆಸರು, ಹೊಲಿಗೆಯ ಹೆಸರು, ಹೇಳಿಕೊಟ್ಟವರ ಹೆಸರು ಹೊಲಿಯಬೇಕು. ಅದನ್ನು ಸಂಘದ ಕಪಾಟಿನಲ್ಲಿ, ಠರಾವು ಪುಸ್ತಕದ ಪಕ್ಕದಲ್ಲಿ, ಬೇವಿನೆಲೆ ಇಟ್ಟು ಕಾಯ್ದಿಡಬೇಕು. ಬೇಕಾದವರು ಬಂದು ನೋಡಿ ಎಣಿಸಿಕೊಂಡು ಹೋಗಲಿ. ಬಟ್ಟೆ, ದಾರ, ಸೂಜಿಯ ಖರ್ಚು ದೊಡ್ಡದಲ್ಲ. ಹಳೆಯ ಕಸೂತಿ ಬಟ್ಟೆ ಯಾರ ಮನೆಯಲ್ಲಿದ್ದರೂ ಹೊರಗೆ ಹಾಕುವ ಮೊದಲು ಒಂದು ಸಲ ನಮಗೆ ತೋರಿಸಿರಿ ಅಂತ ಕೈ ಮುಗಿದು ಕೇಳುತ್ತೇವೆ.

ಮೂರು: ಬೇಸಿಗೆ ರಜೆಯಲ್ಲಿ ವಾರಕ್ಕೆ ಎರಡು ಮಧ್ಯಾಹ್ನ ಸಂಘದ ಗೋದಾಮಿನ ಮುಂದಿನ ಕಟ್ಟೆಯ ಮೇಲೆ ಹೊಲಿಗೆಯ ಕೂಟ ನಡೆಸಬೇಕು. ಹುಡುಗಿಯರು ಅಷ್ಟೇ ಅಲ್ಲ, ಹುಡುಗರೂ ಬರಲಿ. ಕಲಿಸುವ ಹಿರಿಯರಿಗೆ ಗೌರವಧನ ಕೊಡಲು ಆಡಳಿತ ಮಂಡಳಿಯಲ್ಲಿ ನಾವು ವಿಷಯ ಇಡುತ್ತೇವೆ. ಚಿಕ್ಕ ಕಣ್ಣುಗಳು ಸೂಜಿಗೆ ದಾರ ಪೋಣಿಸಲಿ, ಹಿರಿಯ ಕಣ್ಣುಗಳಿಗೆ ಅಷ್ಟು ನೆರವು ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇದೆ. ಹಾಸಿಗೆ ಗಿಡ್ಡ ಇದ್ದರೆ ನಾಲ್ಕು ಮನೆಯ ತುಂಡು ಕೂಡಿಸಿ ಉದ್ದ ಮಾಡಿಕೊಳ್ಳಬಹುದು ಅಂತ ಕೌದಿ ಹೇಳುತ್ತದೆ. 25 ವರ್ಷದ ಹಿಂದೆ ನಮ್ಮ ಹಿರಿಯರು ಮನೆ ಮನೆ ತಿರುಗಿ ಷೇರು ಕೂಡಿಸಿ ಈ ಸಂಘ ಕಟ್ಟಿದ್ದೂ ಹಾಗೆಯೇ. ಕೊಟ್ಟವರದು ಸಣ್ಣ ಸಣ್ಣ ತುಂಡು, ಬೇರೆ ಬೇರೆ ಬಣ್ಣ. ಕೂಡಿಸಿ ಹೊಲಿದದ್ದಕ್ಕೆ ಇಂದಿಗೂ ಬೆಚ್ಚಗಿದೆ.

 ಹೊರಗೆ ಮೇಜಿನ ಮೇಲೆ ಒಂದು ವಹಿ ಇಟ್ಟಿದ್ದೇವೆ. ಪಂಚಮಿಗೆ ಕೈಹೊಲಿಗೆಯ ಆಯೇರಿ ಕೊಡುವವರು ಊಟಕ್ಕೆ ಹೋಗುವ ಮೊದಲು ಅದರಲ್ಲಿ ಹೆಸರು ಬರೆಸಿ ಹೋಗಬೇಕು ಅಂತ ವಿನಂತಿ.

ಜೈ ಸಹಕಾರ! ಜೈ ಕರ್ನಾಟಕ!